ಗುರುಬಾಯಿಯ ಕಚ್ಚಾ ದಾರ

ಗುರುಬಾಯಿ ಎದ್ದು ನಡೆದದ್ದಕ್ಕಿಂತ ಮೊಣಕಾಲ ಮೇಲೆ ನಡೆದದ್ದನ್ನೇ ನಾನು ಹೆಚ್ಚು ಕಂಡಿದ್ದೇನೆ. ಕರಜಗಿಯ ತನ್ನ ಮನೆಯ ಪಡಸಾಲೆಯಲ್ಲಿ ಕೆಳಗೊಂದು ಹಳೆಯ ಸೀರೆ, ನಡುವೆ ಸವೆದ ಧೋತರಗಳು, ಮೇಲೆ ತುಂಡುಬಟ್ಟೆ ಜೋಡಿಸಿದ ಹೊದಿಕೆ, ಹೀಗೆ ಪದರಿನ ಮೇಲೆ ಪದರು ಹಾಸಿ, ಕೌದಿಯ ನಟ್ಟನಡುವಿನಿಂದ ಶುರುಮಾಡಿ, ಎಡಗೈಯಿಂದ ಸುಕ್ಕನ್ನು ಅಂಚಿನತ್ತ ಸವರುತ್ತ, ಬಲಗೈಯಿಂದ ನಾಲ್ಕು ಬೆರಳಿಗೊಂದು ಟಾಕಿ ಹಾಕುತ್ತ, ಒಂದೊಂದೇ ಮೊಣಕಾಲನ್ನು ಹಿಂದಕ್ಕೆ ಎಳೆದುಕೊಳ್ಳುವ ಆಕೆಯ ಗತಿಯಲ್ಲಿ ಅವಸರವೆಂಬುದು ಎಂದೂ ಇರಲಿಲ್ಲ. ಈಚೆಗೆ ಉತ್ಸಾಹವೂ ಇರಲಿಲ್ಲ. ಅರವತ್ತು ದಾಟಿದ ಆ ಮೊಣಕಾಲುಗಳು ಪ್ರತಿ ಎಳೆತಕ್ಕೂ ಲಟಕ್ಕೆನ್ನುತ್ತಿದ್ದವು.

ಈ ಕಚ್ಚಾ ಹೊಲಿಗೆಯ ಟಾಕಿ ಹಾಕುವುದು ಬಿಚ್ಚುವುದಕ್ಕೇ. ಪದರುಗಳು ಜರುಗದಂತೆ ಹಿಡಿದಿಡುವುದಷ್ಟೇ ಅದರ ಕೆಲಸ; ಗಟ್ಟಿ ಹೊಲಿಗೆ ಸೊಲ್ಲಾಪುರದ ನಂದಾಳ ಮಷೀನಿನದು. ಸಾಲೆಯಿಂದ ನಿವೃತ್ತನಾಗಿ ವಾರಕ್ಕೊಮ್ಮೆ ಎಸ್.ಟಿ. ಬಸ್ಸು ಹತ್ತಿ ಸೊಲ್ಲಾಪುರಕ್ಕೆ ಹೋಗುವ ನಾನು ಈ ಕೌದಿಗಳ ಗಂಟು ಹೊರುವ ಪದವಿಗೆ ತಾನಾಗಿಯೇ ನೇಮಕಗೊಂಡಿದ್ದೆ. ನಾನು ಮರಳಿ ಬಂದಾಗ ಗುರುಬಾಯಿ ಕೌದಿಯನ್ನು ಬಿಡಿಸಿಯೂ ನೋಡುತ್ತಿರಲಿಲ್ಲ, ನೀರನ್ನೂ ಕೊಡುತ್ತಿರಲಿಲ್ಲ. ಮೊದಲ ಮಾತು ಒಂದೇ.

“ನನ್ನ ದಾರ ತಂದೀರೇನ್ರಿ ಮಾಸ್ತರ?”

ಮಷೀನು ಓಡಿದ ಮೇಲೆ ತನ್ನ ಕೆಂಪು ದಾರವನ್ನು ಕತ್ತರಿಸದೆ, ಎಳೆ ಹಿಡಿದು ಜಗ್ಗಿ, ಇಡಿಯಾಗಿ ವಾಪಸು ಕಳಿಸಬೇಕೆಂಬುದು ಆಕೆಯ ಹಟ. ಬಂದ ದಾರವನ್ನು ಜೋಳದ ದಂಟಿಗೆ ಸುತ್ತಿ ಮುಂದಿನ ಕೌದಿಗೆ ಎತ್ತಿಡುತ್ತಿದ್ದಳು. “ಬಾಜಾರದಾಗ ರೀಲು ಸಿಗ್ತಾವಂತ ಆಜಿಗೆ ಜರಾ ಹೇಳ್ರಿ ಮಾಸ್ತರ” ಎಂದು ನಂದಾ ರೇಗುತ್ತಿದ್ದಳು. ಹೇಳಿದ್ದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರಿಗೆ ಹೇಳಿ ಪ್ರಯೋಜನವೇನು? ಇನ್ನೊಂದು ಹಟವೂ ಇತ್ತು: ಟಾಕಿಗೆ ಬೇರೆಯವರ ಕೈ ತಾಗಕೂಡದು. “ಎರಡು ಕೈ ಬಿದ್ರ ಬಟ್ಟಿ ಒಂದಕ್ಕೊಂದು ಜಗಳಾಡ್ತಾವ್ರಿ” ಎನ್ನುತ್ತಿದ್ದಳು.

ಕಳೆದ ಮಾಘದಲ್ಲಿ ಕಿರಿಯ ಮಗಳು ಮನೀಷಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಬರುವ ಕೂಸಿಗೆ ಗೊಲ್ಲಾಳಪ್ಪನ ಧೋತರಗಳದೇ ಕೌದಿಯಾಗಬೇಕು, ಟಾಕಿ ತನ್ನ ಕೈಯದೇ ಆಗಬೇಕು ಎಂದು ಗುರುಬಾಯಿ ನಿಶ್ಚಯಿಸಿದ್ದಳು. ಗೊಲ್ಲಾಳಪ್ಪ ಆಕೆಯ ಗಂಡ. ಕುರಿಯ ಹಿಂದೆ ಆಯುಷ್ಯ ಸವೆಸಿ ಎರಡು ವರ್ಷದ ಹಿಂದೆ ತೀರಿಕೊಂಡವನು. ನಾನು ಗಂಟು ಒಯ್ಯಲು ಹೋದ ದಿನ ಮಧ್ಯಾಹ್ನಕ್ಕೆ ಕೊನೆಯ ಸಾಲು ಮುಗಿದಿತ್ತು. ಆಕೆ ಕೌದಿಯ ಎರಡು ತುದಿ ಹಿಡಿದು ಎತ್ತಿದಳು. ಕೌದಿಯ ಜೊತೆಗೆ ನೆಲದ ಕಂಬಳಿಯೂ ಎದ್ದು ಬಂತು.

ಸಿಮೆಂಟು ಮೊಣಕಾಲಿಗೆ ಒತ್ತದಿರಲೆಂದು ಗಂಡನ ಕರಿ ಕಂಬಳಿಯನ್ನು ಅಡಿಗೆ ಹಾಸಿಕೊಂಡಿದ್ದಳು. ಅದನ್ನೂ ಸೇರಿಸಿ ಹೊಲಿದುಬಿಟ್ಟಿದ್ದಳು. ಒಂದೆರಡು ಟಾಕಿಯಲ್ಲ, ಅರ್ಧಕ್ಕರ್ಧ. ಸೂಜಿ ಎಷ್ಟು ಆಳಕ್ಕಿಳಿಯಿತೆಂದು ಬೆರಳಿಗೆ ತಿಳಿದಿರಲಿಲ್ಲ. ನನಗೆ ನಗು ಬಂದಿತ್ತು. ಆಕೆಯ ಮುಖ ನೋಡಿ ನುಂಗಿಕೊಂಡೆ. ಆಕೆ ಕುಳಿತು, ಸಂಜೆಯವರೆಗೆ ಒಂದೊಂದೇ ಟಾಕಿ ಬಿಚ್ಚಿ, ಕಂಬಳಿಯನ್ನು ಮಡಿಸಿ ಬದಿಗಿಟ್ಟು, ಮತ್ತೆ ನಡುವಿನಿಂದ ಶುರುಮಾಡಿದಳು. ಮೂರನೆಯ ಸಾಲಿಗೆ ಕೈ ನಿಂತಿತು.

“ದಣದೀನ್ರಿ ಮಾಸ್ತರ. ಭಾಳ ದಣದೀನಿ.”

ಮೂವತ್ತು ವರ್ಷದ ಪರಿಚಯದಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

“ಯವ್ವಾ, ತಾ ಇಲ್ಲಿ. ನಾ ಹಾಕ್ತೀನಿ” ಎಂದಳು ಮನೀಷಾ.

“ನಿನಗ ಬಗ್ಗಾಕ ಆಗಂಗಿಲ್ಲ.”

“ಹೊರಸಿನ ಮ್ಯಾಲ ಹಾಸು.”

ನೆಲದ ಮೇಲಲ್ಲದೆ ಕೌದಿ ಹಾಸಬಾರದೆಂದು ಊರಿಗೆಲ್ಲ ಬುದ್ಧಿ ಹೇಳಿದವಳು ಅಂದು ತಾನೇ ಅದನ್ನು ಹೊರಸಿನ ಮೇಲೆ ಹಾಸಿದಳು. ತುಂಬು ಬಸುರಿ ಮಗಳು ಮಂಚದ ಅಂಚಿಗೆ ಕುಳಿತು ಸೂಜಿ ಹಿಡಿದಳು; ತಾಯಿ ಎದುರಿಗೆ ನಿಂತು, ಮುಂದೆ ಮುಂದೆ ಅಂಗೈ ಒತ್ತಿ ಸುಕ್ಕು ಸರಿಸಿಕೊಟ್ಟಳು. ಮನೀಷಾಳ ಟಾಕಿ ಒಂದು ಗೇಣುದ್ದ, ಇನ್ನೊಂದು ಬೆರಳಗಲ, ಮತ್ತೊಂದು ದಾರಿ ತಪ್ಪಿದ ಕುರಿ. ಗುರುಬಾಯಿ ಎಲ್ಲವನ್ನೂ ನೋಡಿದಳು, ಒಂದನ್ನೂ ತಿದ್ದಲಿಲ್ಲ.

ಮರುದಿನ ಗಂಟು ಕಟ್ಟಿಕೊಟ್ಟು ಬಾಗಿಲತನಕ ಬಂದಳು. “ಮಾಸ್ತರ, ನಂದಾಗ ಒಂದು ಮಾತು ಹೇಳ್ರಿ.”

“ದಾರ ಕತ್ತರಿಸಬ್ಯಾಡಂತ, ಹೌದಲ್ಲ?”

“ನಡುವಿನ ಮೂರು ಸಾಲು ನನ್ನವು. ಅವನ್ನ ಜಗ್ಗಿ ಕಳಸ್ಲಿ. ಉಳದದ್ದು ಬಿಚ್ಚಬ್ಯಾಡ ಅನ್ರಿ. ಇರ್ಲಿ. ನನ್ನ ಮಗಳು ಹಾಕಿದ್ದೈತಿ.”

ಲೋಕದಲ್ಲಿ ಇಂಥವರೊಂದು ವರ್ಗವಿದೆ. ಗಟ್ಟಿ ಹೊಲಿಗೆ ಬರುವತನಕ ಎಲ್ಲವನ್ನೂ ಜರುಗದಂತೆ ಹಿಡಿದಿಟ್ಟು, ಆಮೇಲೆ ಸದ್ದಿಲ್ಲದೆ ತಮ್ಮ ದಾರವನ್ನು ತಾವೇ ಜಗ್ಗಿಕೊಂಡು ಹೊರಡುವವರು. ನಿರಭಿಮಾನಿಗಳೆಂದು ನಾನು ಅವರನ್ನು ಬಹುಕಾಲ ಗೌರವಿಸಿದೆ. ಅದು ನನ್ನ ತಪ್ಪು ತಿಳಿವಳಿಕೆ. ಉಳಿಯಬೇಕೆಂಬ ಆಸೆ ಅವರಿಗೂ ಇರುತ್ತದೆ. ಅದನ್ನು ತಮ್ಮ ನೆಟ್ಟನೆಯ ಟಾಕಿಗಾಗಿ ಅವರು ಎಂದೂ ಕೇಳುವುದಿಲ್ಲ, ಮಕ್ಕಳ ಸೊಟ್ಟ ಟಾಕಿಗಾಗಿ ಕೇಳುತ್ತಾರೆ.