ತಿನ್ ಮೇಯ ಕಾರ್ಡು

ಕಾರ್ಡಿನಲ್ಲಿದ್ದ ಹೆಸರು ತಿನ್ ಮೇ. ಹಾಸಿಗೆಯಲ್ಲಿದ್ದವಳು ನನ್ನ ಚಿಕ್ಕಮ್ಮ ಸನ್ ಯಿ. ಇಡೀ ವಾರ್ಡಿನಲ್ಲಿ ಇದು ಗೊತ್ತಿದ್ದದ್ದು ನನಗೊಬ್ಬಳಿಗೇ.

ಮಹಾಛಾಯ್‌ನ ಸಿಗಡಿ ಸುಲಿಯುವ ಷೆಡ್ಡುಗಳಲ್ಲಿ, ಗಡಿಯಾಚೆಯಿಂದ ಕೂಲಿಗೆ ಬಂದ ನಾವು ಮೋನ್ ಜನ ಆಸ್ಪತ್ರೆಯ ಕಾರ್ಡನ್ನು ಕೊಡೆಯ ಹಾಗೆ ಬಳಸುತ್ತೇವೆ. ಬೇಕಾದವರು ಕೇಳಿ ಒಯ್ಯುತ್ತಾರೆ. ಥಾಯ್ ಗುಮಾಸ್ತರ ಕಣ್ಣಿಗೆ ನಾವೆಲ್ಲ ಒಂದೇ ಥರ ಕಾಣುತ್ತೇವೆ ಎಂಬ ಧೈರ್ಯ. ಗಡಿ ದಾಟಿ ಬಂದ ಹೊಸದರಲ್ಲಿ ನಾನೂ ಜ್ವರ ಬಂದಾಗಲೆಲ್ಲ ಇನ್ಯಾರದೋ ಮಗಳಾಗಿ ಔಷಧಿ ಕುಡಿದವಳೇ. ಚಿಕ್ಕಮ್ಮ ದಾಖಲಾದಾಗ ನನ್ನದು ವೈದ್ಯಕೀಯದ ಕೊನೆಯ ವರ್ಷ. ಬಿಳಿ ಕೋಟು ತೊಟ್ಟು ಅದೇ ಸುಳ್ಳಿಗೆ ಕಾವಲು ನಿಂತಿದ್ದೆ.

ಸಿಗಡಿಯ ಮೂತಿ ಚುಚ್ಚಿ ಚಿಕ್ಕಮ್ಮನ ಕೈ ಮೊಣಕೈವರೆಗೆ ಊದಿಕೊಂಡಿತ್ತು. ಮೊದಲ ದಿನ ದೊಡ್ಡ ಡಾಕ್ಟರು ಕಡತ ನೋಡಿ, ಸಕ್ಕರೆ ಕಾಯಿಲೆಯನ್ನು ಇಷ್ಟು ಚೆನ್ನಾಗಿ ಹಿಡಿತದಲ್ಲಿಟ್ಟುಕೊಂಡವಳನ್ನು ನೋಡೇ ಇಲ್ಲ ಎಂದು ಮೆಚ್ಚಿಕೊಂಡಿದ್ದರು. ಸಕ್ಕರೆ ಕಾಯಿಲೆ ಇದ್ದದ್ದು ತಿನ್ ಮೇಗೆ. ನಾನು ಒಳಗೊಳಗೇ ನಕ್ಕಿದ್ದೆ. ಆ ನಗುವನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಮರುದಿನ ಬೆಳಿಗ್ಗೆ ಔಷಧಿ ಬದಲಾಯಿಸಿದರು. ನರ್ಸಿನ ಕೈಯಲ್ಲಿದ್ದ ಬಾಟಲಿಯ ಮೇಲಿನ ಹೆಸರು ಓದಿದೆ. ಎಂಟು ವರ್ಷದ ಹಿಂದೆ ಷೆಡ್ಡಿನ ಹಿಂದಿನ ಕ್ಲಿನಿಕ್ಕಿನಲ್ಲಿ ಅದೇ ಇಂಜೆಕ್ಷನ್ನಿಗೆ ಚಿಕ್ಕಮ್ಮನ ಗಂಟಲು ಕಟ್ಟಿ, ತುಟಿ ನೀಲಿಗಟ್ಟಿ, ಅವಳು ಬದುಕಿದ್ದೇ ಹೆಚ್ಚಾಗಿತ್ತು. ಆಗ ಅವಳ ತಲೆ ನನ್ನ ತೊಡೆಯ ಮೇಲಿತ್ತು.

ಇದು ಇವರಿಗೆ ಒಗ್ಗುವುದಿಲ್ಲ ಎಂದೆ. ಡಾಕ್ಟರು ಕಡತ ತಿರುಗಿಸಿ ತೋರಿಸಿದರು. ಹೋದ ತಿಂಗಳು ತಿನ್ ಮೇಗೆ ಇದನ್ನೇ ಐದು ದಿನ ಕೊಟ್ಟಿದ್ದರು, ಏನೂ ಆಗಿರಲಿಲ್ಲ. ಆಮೇಲೆ ಚಿಕ್ಕಮ್ಮನನ್ನೇ ವಿಚಾರಿಸಿದರು. ಅವಳು ಹರುಕುಮುರುಕು ಥಾಯ್‌ನಲ್ಲಿ, ಏನೂ ಆಗುವುದಿಲ್ಲ, ಹಾಕಿ ಎಂದಳು. ನನ್ನ ಕೈ ಹಿಡಿದೆಳೆದು ಮೋನ್‌ನಲ್ಲಿ ಪಿಸುಗುಟ್ಟಿದಳು.

"ಬಾಯ್ಮುಚ್ಕೊಂಡಿರೇ. ಈ ಸಲ ಏನೂ ಆಗ್ದೇನೂ ಇರ್ಬೋದು. ಕಾರ್ಡ್ ಹೋದ್ರೆ ತಿನ್ ಮೇ ಉಳಿಯಲ್ಲ."

ನರ್ಸು ಸೂಜಿಯನ್ನು ಸಲೈನ್ ಕೊಳವೆಯ ಹತ್ತಿರ ತಂದಳು.

"ಇವಳು ತಿನ್ ಮೇ ಅಲ್ಲ," ಎಂದೆ.

ಚಿಕ್ಕಮ್ಮ ಬದುಕಿದಳು. ಕಾರ್ಡು ಅದೇ ವಾರ ರದ್ದಾಯಿತು. ಹೊಸ ಕಾರ್ಡಿನ ನೋಂದಣಿ ಏನಿದ್ದರೂ ಸರ್ಕಾರ ಮುಂದಿನ ಸಲ ಅವಕಾಶ ಕೊಟ್ಟಾಗ ಎಂದರು. ಕಚೇರಿಯಿಂದ ಕಚೇರಿಗೆ ಅಲೆದೆ, ಕೈಮುಗಿದೆ, ಅತ್ತೆ. ಇನ್ಸುಲಿನ್ ಹಿಡಿದು ತಿನ್ ಮೇಯ ಬಾಗಿಲು ಬಡಿದೆ, ಅವಳು ತೆರೆಯಲಿಲ್ಲ. ಐದನೇ ತಿಂಗಳು ಅವಳ ಎಡಪಾದ ತೆಗೆದರು. ಈಗ ನಾನು ಷೆಡ್ಡಿಗೆ ಹೋದರೆ ಮಾತು ನಿಲ್ಲುತ್ತದೆ. ಚಿಕ್ಕಮ್ಮನೂ ಮಾತಾಡುವುದಿಲ್ಲ, ಊಟ ಮಾತ್ರ ಮುಚ್ಚಿಟ್ಟಿರುತ್ತಾಳೆ.

ಹೆಸರು ಕೇಳದೆ, ಕಾಗದ ಕೇಳದೆ, ಪ್ರತಿಯೊಬ್ಬರ ಮೈಗೂ ಅದರದೇ ಒಂದು ಕಡತ ಕೊಡಿ ಎಂದು ಆಸ್ಪತ್ರೆಗೆ ಅರ್ಜಿ ಬರೆದುಕೊಂಡು ಭಾನುವಾರ ಭಾನುವಾರ ಷೆಡ್ಡಿನ ಗೇಟಿನ ಬಳಿ ಕೂರುತ್ತೇನೆ. ಹನ್ನೊಂದು ಭಾನುವಾರ ಕಳೆದರೂ ಒಂದು ಹೆಬ್ಬೆಟ್ಟೂ ಬಿದ್ದಿಲ್ಲ. ಅವರ ಜಾಗದಲ್ಲಿ ನಾನಿದ್ದರೆ ನಾನೂ ನನ್ನನ್ನು ನಂಬುತ್ತಿರಲಿಲ್ಲ.

ಹೋದ ಭಾನುವಾರ ತಿನ್ ಮೇಯ ಮಗಳು ಚಾನ್ ಬಂದು ಎದುರಿಗೆ ನಿಂತಳು. ಒಂಬತ್ತನೇ ತರಗತಿಯವಳು, ಕಂಕುಳಲ್ಲಿ ವಿಜ್ಞಾನದ ಪುಸ್ತಕ. ಕೂತ್ಕೋ ಎಂದರೆ ಕೂರಲಿಲ್ಲ. ಡಾಕ್ಟರಾಗಲು ಏನೇನು ಓದಬೇಕು ಎಂದು ಕೇಳಿದಳು. ಹೇಳಿದೆ. ಅಮ್ಮ ಹೇಗಿದ್ದಾಳೆ ಎಂದು ಕೇಳಿಬಿಟ್ಟೆ.

"ಅಮ್ಮನ ಸುದ್ದಿ ನಿಂಗ್ಯಾಕಕ್ಕ? ನಾನೇನು ನಿನ್ನ ಕ್ಷಮಿಸೋಕೆ ಬಂದಿಲ್ಲ. ಇನ್ನೊಂದ್ಸಲ ಆ ವಾರ್ಡಲ್ಲಿ ನಮ್ಮೋರು ಅಂತ ನೀನೊಬ್ಳೇ ಇರಬಾರ್ದು, ಅದಕ್ಕೆ ಬಂದೆ. ಕಲಿಸ್ತೀಯೋ ಇಲ್ವೋ?"

ಕಲಿಸುತ್ತೇನೆ ಎಂದು ಅರ್ಜಿಯನ್ನು ಅವಳ ಕಡೆ ಸರಿಸಿದೆ. ಅವಳು ಅದನ್ನು ಪಕ್ಕಕ್ಕೆ ತಳ್ಳಿ, ಪುಸ್ತಕ ತೆರೆದಿಟ್ಟು, ಕುಳಿತಳು.