ಕುದುರೆಯ ಪಾಲಿನ ರೊಟ್ಟಿ

ನಿಕಾಹ್ ಮುಗಿಯುವ ತನಕ ಒಂದೇ ಒಂದು ಪ್ರಶ್ನೆಯನ್ನೂ ಕೇಳಕೂಡದು ಎಂದು ಸುಲ್ತಾನಾ ಬೆಳಿಗ್ಗೆಯೇ ಮಗಳು ಫರಹತಳಿಂದ ಆಣೆ ಮಾಡಿಸಿಕೊಂಡಿದ್ದಳು. ಮಾಡಿಸದೆ ಏನು ಮಾಡಿಯಾಳು? ತನ್ನ ಅಣ್ಣ ಸೊಹೇಲನ ನಿಶ್ಚಯದ ದಿನ ಬೀಗರ ಮನೆಯ ಹಿರಿಯರನ್ನು ಈ ಮಹಾತಾಯಿ, "ನಿಮ್ಮ ಮೀಸಿ ಒಂದ ಕಡೆನ ಅಷ್ಟ್ಯಾಕ ಕರ್ರಗೈತ್ರಿ?" ಎಂದು ಕೇಳಿಬಿಟ್ಟಿದ್ದಳು.

ಹಾಗಾಗಿ ಸಿಂದಗಿಯ ರಸ್ತೆಯಲ್ಲಿ ಕುದುರೆಯ ಮೇಲೆ ಮದುಮಗನ ಮೆರವಣಿಗೆ ಹೊರಟಾಗ ಫರಹತ ತುಟಿ ಬಿಗಿದುಕೊಂಡು, ಪೇಢೆ ತುಂಬಿದ ಅಗಲ ತಟ್ಟೆಯಂಥ ಪರಾತ ಹಿಡಿದು ನಡೆದಿದ್ದಳು. ದವಾಖಾನೆಯ ಮುಂದೆ ಬ್ಯಾಂಡಿನವರು ಬಾರಿಸುವುದನ್ನು ನಿಲ್ಲಿಸಿದರು. ಕುದುರೆಯೂ ನಿಂತಿತು. ಎಳೆದರೂ ಇಲ್ಲ, ತಳ್ಳಿದರೂ ಇಲ್ಲ. ಅತ್ತ ಶಾದಿಮಹಲಿನಲ್ಲಿ ಖಾಜಿ ಸಾಹೇಬರು ಕಾಯುತ್ತಿದ್ದರು. ಮೋರಟಗಿಯ ಇನ್ನೊಂದು ನಿಕಾಹ್‌ಗೂ ಅವರೇ ಬೇಕು. ತಡವಾದರೆ ಸೊಹೇಲನ ಮದುವೆ ನಾಳೆಗೆ.

"ಯಾರ ದೃಷ್ಟಿ ಬಿತ್ತೋ?"

"ಈ ಕುದುರಿ ತರಿಸಿದಾಂವ ಯಾಂವ?"

ತರಿಸಿದವನು ಕುದುರೆಯ ಮೇಲೆಯೇ ಕೂತು ಬೆವರುತ್ತಿದ್ದ.

ಫರಹತಳ ಹೊಟ್ಟೆಯೊಳಗೆ ಪ್ರಶ್ನೆಗಳು ಕುಣಿಯುತ್ತಿದ್ದವು. ತಾಯಿಯ ಮುಖ ನೋಡಿದಳು. ಸುಲ್ತಾನಾ ಹಣೆ ಬಡಿದುಕೊಂಡು, "ಕೇಳ ತಾಯಿ, ಹೊಟ್ಟಿ ಒಡ್ಕೊಂಡ ಸಾಯಬ್ಯಾಡ" ಎಂದಳು.

ಫರಹತ ಕುದುರೆಯ ಯಜಮಾನ ಬೀರಣ್ಣನ ಕಡೆ ತಿರುಗಿದಳು. "ಕಾಕಾ, ಇದು ಬ್ಯಾಂಡ್ ಇದ್ರಷ್ಟ ನಡಿತೈತೇನು?"

"ಹೌದವ್ವಾ, ಅದರ ರೂಢಿನ ಹಂಗ. ದವಾಖಾನಿ ಮುಂದ ಹೆಂಗ ಬಾರಸೂದು?"

"ಸಂಜಿಗೆ ಮನಿಗೆ ಹೋಗೂವಾಗ ಬ್ಯಾಂಡ್ ಇರಂಗಿಲ್ಲಲ್ಲ. ಆವಾಗ ಹೆಂಗ ನಡಿತೈತಿ?"

ಬೀರಣ್ಣ ತಲೆ ಕೆರೆದುಕೊಂಡ. ಇದನ್ನು ಅವನ ಬಳಿ ಯಾರೂ ಕೇಳಿರಲಿಲ್ಲ. "ಓಣಿಗೆ ಬರೂತನಕ ನಾನ ಎಳೀತೇನಿ. ಅಲ್ಲಿಂದ ಓಡತೈತಿ. ನಮ್ಮ ಮನ್ಯಾಕಿ ಸಾತವ್ವ ರೊಟ್ಟಿ ಬಡ್ಯಾಕತ್ತಿರ್ತಾಳ, ಆ ಸಪ್ಪಳಕ್ಕ. ಮೊದಲನೇ ರೊಟ್ಟಿ ಇದಕ್ಕ."

ಫರಹತ ಪೇಢೆಯನ್ನೆಲ್ಲ ಮದುಮಗನ ಮಡಿಲಿಗೆ ಸುರಿದು, ಖಾಲಿ ಪರಾತಕ್ಕೆ ಅಂಗೈಯಿಂದ ಬಡಿದಳು. ಕುದುರೆ ತಿರುಗಿಯೂ ನೋಡಲಿಲ್ಲ. ಜನ್ಮದಲ್ಲಿ ಒಂದು ರೊಟ್ಟಿಯನ್ನೂ ನೆಟ್ಟಗೆ ಬಡಿಯದ ಕೈ ಅದು ಎಂದು ಅದಕ್ಕೂ ಗೊತ್ತಾಗಿಹೋಯಿತು.

"ಅಮ್ಮಾ, ನಮ್ಮ ಓಣ್ಯಾಗ ರೊಟ್ಟಿ ಬಡ್ಯೂದ್ರಾಗ ಯಾರು ಜೋರು?"

ಸುಲ್ತಾನಾ ಜರಿ ಸೆರಗು ಸಿಕ್ಕಿಸಿ ಪರಾತ ಕಸಿದುಕೊಂಡಳು. ಪಟಪಟ, ಪಟಪಟ. ಮೆತ್ತಗೆ, ರೋಗಿಗಳ ನಿದ್ದೆ ಕೆಡದಷ್ಟು. ಕುದುರೆಯ ಕಿವಿ ನೆಟ್ಟಗಾದವು, ಕಾಲೂ ಎದ್ದವು. ಮುಂದೆ ಮದುಮಗನ ತಾಯಿ ಹಿಟ್ಟಿಲ್ಲದ ರೊಟ್ಟಿ ಬಡಿಯುತ್ತ, ಹಿಂದೆ ಕುದುರೆ, ಅದರ ಹಿಂದೆ ಬಾಯಿಗೆ ಸೆರಗು ಮುಚ್ಚಿಕೊಂಡ ನೆಂಟರ ಹಿಂಡು. ಫರಹತಳಿಗೆ ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡಿತು. ಇಷ್ಟು ಖುಷಿ ಅವಳಿಗೆ ಯಾವತ್ತೂ ಆಗಿರಲಿಲ್ಲ.

ಹೊರಡಲು ಚಪ್ಪಲಿ ಮೆಟ್ಟಿದ್ದ ಖಾಜಿ ಸಾಹೇಬರು ಅವನ್ನು ಮತ್ತೆ ಕಳಚಿಟ್ಟರು. ನಿಕಾಹ್ ಆಯಿತು. ಆದರೆ ಕುದುರೆ ಶಾದಿಮಹಲಿನ ಬಾಗಿಲಿಗೆ ಅಡ್ಡ ನಿಂತು ಸುಲ್ತಾನಾಳನ್ನೇ ನೋಡುತ್ತಿತ್ತು. ಅದನ್ನು ದಾಟಿ ಯಾರೂ ಊಟಕ್ಕೆ ಒಳಗೆ ಬರುವಂತಿಲ್ಲ, ಹೊರಗೆ ಹೋಗುವಂತಿಲ್ಲ.

"ನಿಕಾಹ್ ಮುಗೀತಲ್ಲ, ಒಂದ ಕೇಳಲಾ ಅಮ್ಮಾ?"

"ಕೇಳು."

"ಬಿರಿಯಾನಿ ಮಾಡೂ ಮನ್ಯಾಗ ಜ್ವಾಳದ ಹಿಟ್ಟು ಎಲ್ಲಿ ಸಿಗತೈತಿ?"

ಸುಲ್ತಾನಾ ಮಗಳ ಕೈಯಿಂದ ಬಂಗಾರದ ಬಳೆ ಕಳಚಿ, ಅವಳ ಅಂಗಿಯ ತೋಳು ಮೇಲೇರಿಸಿದಳು. "ಹಿಟ್ಟು ನಾ ತರಸ್ತೇನಿ. ಕೇಳಿದಾಕಿನ ರೊಟ್ಟಿ ಬಡಿ."