ಕತ್ತಿನ ಹಿಂದಿನ ಗೆರೆ

ಕ್ಷೌರಿಕನ ಹೆಂಡತಿಗೆ ಮೊದಲು ಅನುಮಾನ ಬಂದದ್ದು ಗಂಡನ ಕತ್ತಿನ ಮೇಲೆ.

ಊರಿಗೆಲ್ಲ ಕತ್ತರಿ ಆಡಿಸುವವನಿಗೆ ತನ್ನ ಕತ್ತಿನ ಹಿಂಭಾಗ ತನಗೇ ಎಟುಕುವುದಿಲ್ಲ. ಮದುವೆಯಾದಾಗಿನಿಂದ ಆ ಕೆಲಸ ಅವಳದು. ಅಡುಗೆಮನೆಯ ಸ್ಟೂಲಿನ ಮೇಲೆ ಅವನನ್ನು ಕೂರಿಸಿ, ಹೆಗಲಿಗೆ ಹಳೇ ಟವೆಲ್ ಹೊದಿಸಿ, ಉಸಿರು ಬಿಗಿಹಿಡಿದು ಕೂದಲು ತೆಗೆಯುತ್ತಿದ್ದಳು. ಎಷ್ಟು ಹುಷಾರಾಗಿದ್ದರೂ ಗೆರೆ ಬಲಕ್ಕೆ ಜಾರುತ್ತಿತ್ತು. ಅವನು ಒಂದು ದಿನವೂ ತುಟಿ ಪಿಟಕ್ಕೆಂದವನಲ್ಲ. ಈಗ ನೋಡಿದರೆ, ಊಟಕ್ಕೆ ಬಗ್ಗಿದವನ ಕತ್ತಿನಲ್ಲಿ ಗೆರೆ ಅಳತೆಪಟ್ಟಿ ಇಟ್ಟು ಎಳೆದಷ್ಟು ನೆಟ್ಟಗಿದೆ! ಜೊತೆಗೆ ಏನೋ ಘಮ. ತಮ್ಮ ಅಂಗಡಿಯ ಸೋಪಿನದಂತೂ ಅಲ್ಲ.

ಸಾಲದ್ದಕ್ಕೆ ಮಹಾರಾಯ ಗುನುಗುತ್ತಿದ್ದ. ಅಂಗಡಿಯ ಬಾಡಿಗೆ ಏರಿತ್ತು, ಗಿರಾಕಿಗಳು ಕಡಿಮೆಯಾಗಿದ್ದರು, ಇರುವ ಒಂದೇ ಕುರ್ಚಿಯ ಸೀಟು ಹರಿದು ಸ್ಪಂಜು ಇಣುಕುತ್ತಿತ್ತು. ಇಂಥ ಹೊತ್ತಿನಲ್ಲಿ ಗುನುಗಲು ಏನಿದೆ? ಅವಳ ಲೆಕ್ಕದಲ್ಲಿ ಖುಷಿ ಅನ್ನುವುದು ಕೈಗೆ ದುಡ್ಡು ಬಂದ ಮೇಲೆ ಮಾಡಬೇಕಾದ ಕೆಲಸ.

"ಏನ್ರೀ, ಬಹಳ ಖುಷಿಯಾಗಿದ್ದೀರಿ?"

"ಯಾಕೆ, ಇರಬಾರದಾ?"

"ಇರಿ. ಯಾಕೆ ಅಂತ ಹೇಳಿ ಇರಿ."

ಅವನು ನೀರು ಕುಡಿದು ಎದ್ದುಹೋದ.

"ಹಾಡ್ತಾನಾ?" ಎಂದಳು ಅಕ್ಕ ಫೋನಿನಲ್ಲಿ. "ಮೊದಲು ದುಡ್ಡಿನ ಡಬ್ಬ ನೋಡೇ. ಅಳೋದು ಆಮೇಲೆ."

ಡಬ್ಬವೆಂದರೆ ಹಳೇ ಪೌಡರ್ ಡಬ್ಬ. ಗಿರಾಕಿಗಳು ಕೊಟ್ಟ ಟಿಪ್ಸೆಲ್ಲ ಹೊಸ ಕುರ್ಚಿಗೆಂದು ಅದರೊಳಗೆ ಬೀಳಬೇಕು ಎಂಬುದು ಮನೆಯ ಕಾನೂನು. ಅಲ್ಲಾಡಿಸಿದರೆ ಸದ್ದೇನೋ ಜೋರಾಗಿತ್ತು. ಮುಚ್ಚಳ ತೆಗೆದರೆ, ನೋಟುಗಳಿರಬೇಕಾದ ಜಾಗದಲ್ಲಿ ಬರೀ ಚಿಲ್ಲರೆ. ಅವಳಿಗೆ ದುಡ್ಡು ಹೋಯಿತಲ್ಲ ಎನ್ನುವುದಕ್ಕಿಂತ, ಸದ್ದು ಬರಲೆಂದು ಚಿಲ್ಲರೆ ತುಂಬಿಟ್ಟನಲ್ಲ ಎಂದು ಹೊಟ್ಟೆ ಉರಿಯಿತು. ಯಾವಳಿಗೆ ಸುರಿಯುತ್ತಿದ್ದಾನೆ?

ಮುಂದಿನ ರಜೆಯ ದಿನ ಅವನು, "ಕತ್ತರಿ ಸಾಣೆ ಹಿಡಿಸ್ಕೊಂಡು ಬರ್ತೀನಿ" ಎಂದು ಹೊರಟ. ಕತ್ತರಿ ಕಪಾಟಿನ ಮೇಲೇ ಕೂತಿತ್ತು. ಅವಳು ಚಪ್ಪಲಿ ಮೆಟ್ಟಿಕೊಂಡು ಹಿಂಬಾಲಿಸಿದಳು.

ಅವನು ಹೋದದ್ದು ದೊಡ್ಡ ರಸ್ತೆಯ ಹೊಸ ಸಲೂನಿಗೆ. ಅವರ ಗಿರಾಕಿಗಳನ್ನೆಲ್ಲ ಎಳೆದುಕೊಂಡಿದೆ ಎಂದು ಅವಳು ದಿನಾ ಶಾಪ ಹಾಕುತ್ತಿದ್ದ, ಗಾಜಿನ ಬಾಗಿಲಿನ ಅದೇ ಸಲೂನು. ಪೋಸ್ಟರಿನ ಸಂದಿಯಿಂದ ಇಣುಕಿದಳು. ಗಂಡ ಮೆತ್ತನೆ ಕುರ್ಚಿಯಲ್ಲಿ ಒರಗಿ, ಬೇಸಿನ್ನಿಗೆ ತಲೆಕೊಟ್ಟು, ಕಣ್ಣು ಮುಚ್ಚಿಕೊಂಡಿದ್ದ. ದಪ್ಪ ಮೀಸೆಯವನೊಬ್ಬ ಅವನ ತಲೆ ತೊಳೆಯುತ್ತಿದ್ದ. ಅವಳಿಗೆ ಜೀವ ಬಂದಂತಾಯಿತು. ಮರುಗಳಿಗೆಯೇ ಸಿಟ್ಟು. ಹೆಂಗಸಾಗಿದ್ದರೆ ಜುಟ್ಟು ಹಿಡಿದು ಕೇಳಬಹುದಿತ್ತು. ಕುರ್ಚಿಯನ್ನು ಏನೆಂದು ಕೇಳುವುದು?

ಹೊರಬಂದವನ ಮುಖ ಅವಳನ್ನು ಕಂಡು ಇಷ್ಟಗಲವಿದ್ದದ್ದು ಇಷ್ಟೇ ಇಷ್ಟಾಯಿತು.

"ನಮ್ಮ ಹೊಟ್ಟೆ ಮೇಲೆ ಹೊಡೆದವರಿಗೇ ನಮ್ಮ ದುಡ್ಡು ಸುರೀತೀರಾ?"

"ದಿನವಿಡೀ ‘ಹೇಗಿರಲಿ ಸಾರ್?’ ಅಂತ ನಾನು ಕೇಳ್ತೀನಿ. ಇಲ್ಲಿ ನನ್ನ ಕೇಳ್ತಾರೆ ಕಣೇ. ಅಷ್ಟೇ."

"ನನ್ನ ಗೆರೆ ಸೊಟ್ಟ ಅಂತ ಮೊದಲೇ ಹೇಳ್ಬಹುದಿತ್ತಲ್ಲ."

"ಸೊಟ್ಟ ಇತ್ತಾ? ನನಗೇನು ಗೊತ್ತು, ಬೆನ್ನ ಹಿಂದೆ ಕಣ್ಣಿದೆಯಾ?"

ಅದು ಸುಳ್ಳೆಂದು ಅವಳಿಗೆ ಗೊತ್ತಿತ್ತು. ಅಂಗಡಿಯಲ್ಲಿ ಎದುರುಬದುರಾಗಿ ಎರಡು ಕನ್ನಡಿಗಳಿವೆ. ಆ ಒಂದು ಸುಳ್ಳಿಗೆ ಅವಳ ಸಿಟ್ಟೆಲ್ಲ ಇಳಿದುಹೋಯಿತು.

ಮುಂದಿನ ರಜೆಗೆ ಅವಳೇ ಅವನ ಜೇಬಿಗೆ ನೋಟು ತುರುಕಿದಳು. "ಹೋಗಿ ಬನ್ನಿ. ಕದ್ದು ಯಾಕೆ?"

ಹೋಗಿ ಬಂದ. ಗೆರೆ ನೆಟ್ಟಗಿತ್ತು, ಘಮವೂ ಇತ್ತು. ಗುನುಗು ಮಾತ್ರ ಇರಲಿಲ್ಲ.

"ಚೆನ್ನಾಗಿತ್ತಾ?"

"ಹೂಂ. ದುಬಾರಿ ಕಣೇ. ಆ ದುಡ್ಡಲ್ಲಿ ಹರಿದ ಸೀಟಾದರೂ ಹೊಲಿಸಬಹುದಿತ್ತು."

ಆಮೇಲೆ ಅವನು ಆ ಕಡೆ ಹೋಗಲಿಲ್ಲ. ಮತ್ತೆ ಅಡುಗೆಮನೆಯ ಸ್ಟೂಲು, ಮತ್ತೆ ಸೊಟ್ಟ ಗೆರೆ. ಗುಟ್ಟು ಬಯಲಾಗಿ, ದುಡ್ಡು ಉಳಿದು, ಮನೆ ಮಾತ್ರ ಬಿಕೋ ಎನ್ನತೊಡಗಿತು. ಅವನ ಖುಷಿಯನ್ನು ತಾನೇ ಕೈಯಾರೆ ಹಾಳುಮಾಡಿದೆ ಅನ್ನಿಸಿ ಅವಳಿಗೆ ಅಳು ಬಂತು.

ಒಂದು ಬೆಳಿಗ್ಗೆ ಅವಳು ಡಬ್ಬವನ್ನು ಮೇಲಿನ ಕಪಾಟಿಗೆ ಏರಿಸಿ, ಸೊಂಟಕ್ಕೆ ಕೈಯಿಟ್ಟು ನಿಂತಳು. "ಇದಕ್ಕೆ ಇನ್ನು ಯಾರಾದ್ರೂ ಕೈ ಹಾಕಲಿ, ಆಮೇಲಿದೆ!" ಎಂದು ಗೋಡೆಗೂ ಕೇಳುವಂತೆ ಗದರಿದಳು. ಸ್ಟೂಲನ್ನು ಸರಿಯಾಗಿ ಕಪಾಟಿನ ಕೆಳಗೇ ಮರೆತು ಸ್ನಾನಕ್ಕೆ ಹೋದಳು.

ರಜೆಯ ದಿನ ಅವನು ಬಾಗಿಲಲ್ಲಿ ನಿಂತು, "ಕತ್ತರಿ ಸಾಣೆ ಹಿಡಿಸ್ಕೊಂಡು ಬರ್ತೀನಿ" ಎಂದ. ಕತ್ತರಿ ಕಪಾಟಿನ ಮೇಲೇ ಇತ್ತು. ಅವಳು ಅದರ ಮೇಲೆ ಟವೆಲ್ ಎಸೆದು, "ಬೇಗ ಬನ್ನಿ" ಎಂದಳು.

ಸಂಜೆ ಒಳಗೆ ಕೈಕಾಲು ತೊಳೆಯುವ ಸದ್ದು. ಅದರ ಜೊತೆಗೇ ಗುನುಗು.

"ಏನ್ರೀ, ಬಹಳ ಖುಷಿಯಾಗಿದ್ದೀರಿ?" ಎಂದು ಅವಳು ಹುಬ್ಬು ಗಂಟಿಕ್ಕಿಕೊಂಡೇ ಕೂಗಿದಳು.

"ಯಾಕೆ, ಇರಬಾರದಾ?"

ಅವಳು ಸ್ಟೂಲು ಹತ್ತಿ ಡಬ್ಬ ಅಲ್ಲಾಡಿಸಿ ನೋಡಿದಳು. ಒಳಗೆ ಚಿಲ್ಲರೆ ಜೋರಾಗಿ ಸದ್ದು ಮಾಡಿತು. ಮುಚ್ಚಳ ತೆಗೆಯದೆ ಡಬ್ಬವನ್ನು ಇದ್ದ ಜಾಗದಲ್ಲೇ ಇಟ್ಟಳು.